ಹನ್ನೊಂದನೇ ಕಂತಿನಲ್ಲಿ ನಿಂತುಹೋದ ಕಥೆ

ಮನೆಯ ಹಿರಿಯರಿಗೆ ಗೊತ್ತಿಲ್ಲದ ಹೆಸರಿನಲ್ಲಿ ಪ್ರೇಮಕಾದಂಬರಿ ಬರೆದು ತಾವೇ ಪ್ರಕಟಿಸುವ ಹೆಣ್ಣುಮಕ್ಕಳು ಆಪ್ತಸಲಹೆಗೆ ನನ್ನ ಬಳಿ ಬರತೊಡಗಿ ಕೆಲವು ವರ್ಷಗಳಾದವು. ಇವರು ನಾಲ್ಕನೆಯವರು. ಹಿಂದೆ ಇಂಥ ಬರವಣಿಗೆ ವಾರಪತ್ರಿಕೆಯ ಸಂಪಾದಕರ ಮೇಜು ದಾಟಬೇಕಿತ್ತು. ಈಗ ರಾತ್ರಿ ಹನ್ನೊಂದಕ್ಕೆ, ಪಾತ್ರೆ ತೊಳೆದಿಟ್ಟ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಪ್ರಕಟಿಸಬಹುದು. ಅನುಕೂಲವೇ ಸರಿ. ಆದರೆ ‘ಇವತ್ತಿಗೆ ಸಾಕು, ಮಲಗಮ್ಮ’ ಅನ್ನುವವರು ಯಾರೂ ಇಲ್ಲ.

ಅವರನ್ನು ಸುಮಾ ಅನ್ನೋಣ. ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಲೆನಾಡಿನ ಒಂದು ಊರು, ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಗಂಡ, ಇಬ್ಬರು ಮಕ್ಕಳು, ಅತ್ತೆ. ಒಂದು ಹೆಸರಿನಲ್ಲಿ ಅಮೆಜಾನಿನ ಇ-ಪುಸ್ತಕ ಮಳಿಗೆ ಕಿಂಡಲ್‌ಗೆ ಇಂಗ್ಲಿಷ್ ಕಾದಂಬರಿ, ಇನ್ನೊಂದು ಹೆಸರಿನಲ್ಲಿ ಕಥೆ ಓದುವ ಆ್ಯಪ್ ಪ್ರತಿಲಿಪಿಯಲ್ಲಿ ಕನ್ನಡ ಧಾರಾವಾಹಿ. ಎರಡು ಕಡೆ ಯಾಕೆ ಅಂದೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ ಎಂದರು. ಹೇಳಿದ ರೀತಿ, ಮದುವೆಮನೆಯಲ್ಲಿ ಎಲೆ ಹಾಕದೆ ಬಿಟ್ಟವರ ಬಗ್ಗೆ ಹೇಳಿದ ಹಾಗಿತ್ತು.

ಬಂದದ್ದು ನಿದ್ದೆ ಇಲ್ಲ ಅಂತ. ನಾಲ್ಕು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರ. ಎದ್ದ ಕೂಡಲೇ ಫೋನಿನಲ್ಲಿ ಗ್ರಾಫ್. ಚಂದಾದಾರರು ಎಷ್ಟು ಪುಟ ಓದಿದರು ಎಂಬ ಲೆಕ್ಕಕ್ಕೆ ದುಡ್ಡು. ಆ ಲೆಕ್ಕ ಕಂಬಗಳಾಗಿ ಪರದೆ ಮೇಲೆ ಏಳುತ್ತದೆ, ಬೀಳುತ್ತದೆ. ಜೊತೆಗೆ ಯಾರೋ ಕೊಟ್ಟ ಒಂದೇ ಒಂದು ನಕ್ಷತ್ರ. ಆ ಎರಡು ಸಾಲಿನ ಟೀಕೆ ಅವರಿಗೆ ಬಾಯಿಪಾಠವಾಗಿತ್ತು. ಕನ್ನಡದ ಧಾರಾವಾಹಿಯಂತೂ ಹನ್ನೊಂದನೇ ಕಂತಿನಲ್ಲಿ ನಿಂತುಬಿಟ್ಟಿತ್ತು. ‘ಮುಂದಿನ ಭಾಗ ಯಾವಾಗ ಅಕ್ಕಾ?’ ಅಂತ ದಿನಾ ಕೇಳುವ ಓದುಗರು.

ಮೊದಲ ಭೇಟಿಯಲ್ಲೇ ನಾನು ಎಡವಿದೆ. ‘ಒಂದು ತಿಂಗಳು ಬರೆಯುವುದನ್ನೇ ನಿಲ್ಲಿಸಿ ನೋಡಿ’ ಅಂದೆ. ನಿಲ್ಲಿಸಿದರು. ಎರಡನೇ ಭೇಟಿಗೆ ಬಂದಾಗ ಕಣ್ಣ ಕೆಳಗಿನ ಕಪ್ಪು ಇನ್ನಷ್ಟು ಇಳಿದಿತ್ತು. ಬರೆಯದೆ ಇದ್ದ ರಾತ್ರಿಗಳಲ್ಲಿ ಗ್ರಾಫ್ ನೋಡುವುದೊಂದೇ ಉಳಿದಿತ್ತು. ಅವರ ನಾದಿನಿಯೂ ಅದನ್ನೇ ಹೇಳಿದ್ದರಂತೆ, ‘ಏನೋ ಗೀಚ್ತಾ ಕೂರೋದು ಬಿಡು, ನಿದ್ದೆ ತಾನಾಗೇ ಬರ್ತದೆ’ ಅಂತ. ಫೀಸು ತೆಗೆದುಕೊಂಡು ನಾನೂ ನಾದಿನಿಯ ಸಲಹೆಯನ್ನೇ ಕೊಟ್ಟಿದ್ದೆ.

ಮೂರನೇ ಭೇಟಿಯಲ್ಲಿ, ಹೊರಗೆ ಮಳೆ ಜೋರಾಗಿದ್ದರಿಂದ ಗಂಟೆ ಮುಗಿದರೂ ಕೂತಿದ್ದೆವು. ಸುಮ್ಮನೆ ಕೇಳಿದೆ, ‘ಆ ಹನ್ನೊಂದನೇ ಕಂತಿನಲ್ಲಿ ಏನಾಗಬೇಕಿತ್ತು?’

‘ಎಂತದೂ ಇಲ್ಲ ಮೇಡಂ. ಬಸ್‌ಸ್ಟ್ಯಾಂಡು. ಅವನು ಹೊರಟಿದ್ದಾನೆ. ಅವಳು ತಡೀತಾಳೆ, ಅಷ್ಟೇ. ಇಂಗ್ಲಿಷಿನಲ್ಲಿ ಇದೇ ಕಥೆ ಆಗಲೇ ಬರೆದಾಗಿದೆ. ಅಲ್ಲಿ ಎರಡು ಪದ, ಡೋಂಟ್ ಗೋ. ಮುಗೀತು.’

‘ಕನ್ನಡದಲ್ಲಿ?’

ಅವರು ಫೋನನ್ನು ಮಗುಚಿ ಇಟ್ಟರು. ‘ಅದೇ ಆಗ್ತಿಲ್ಲ. ಹೋಗಬೇಡಿ ಅಂದ್ರೆ ಬಾಡಿಗೆ ಮನೆಯವರಿಗೆ ಹೇಳಿದ ಹಾಗೆ. ಹೋಗಬೇಡ ಅಂದ್ರೆ ನನ್ನ ಮಗನಿಗೆ ಹೇಳಿದ ಹಾಗೆ. ಹತ್ತು ಕಂತು ನೀವು ನೀವು ಅಂತ ತಳ್ಳಿಕೊಂಡು ಬಂದೆ. ಈಗ ಅವಳು ಅವನನ್ನ ಏನಂತ ಕರೀಬೇಕು ಅಂತಲೇ ಗೊತ್ತಿಲ್ಲ.’

‘ಅವಳ ಜಾಗದಲ್ಲಿ ನೀವಿದ್ದರೆ?’

ಮಳೆ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದರು. ಆಮೇಲೆ ಪಿಸುದನಿಯಲ್ಲಿ, ‘ಹೋಗ್ಬೇಡ ಕಣೋ’ ಅಂದರು. ಅಂದವರೇ ಅಂಗೈಯಿಂದ ಬಾಯಿ ಮುಚ್ಚಿಕೊಂಡರು, ತರಗತಿಯಲ್ಲಿ ಕೆಟ್ಟ ಮಾತು ಆಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.

ಗಂಡ ಕಾಲೇಜಿನ ಸಹಪಾಠಿ. ಮೂರು ವರ್ಷ ಹೋಗೋ, ಬಾರೋ, ಕಣೋ. ಮದುವೆಯಾದ ವಾರದಲ್ಲೇ ಅತ್ತೆ, ‘ನಾಲ್ಕು ಜನರ ಮುಂದೆ ಗಂಡನ್ನ ಏಕವಚನದಲ್ಲಿ ಕರೀತೀಯಲ್ಲ, ಚಂದ ಕಾಣ್ತದಾ?’ ಅಂದರಂತೆ. ಅವತ್ತಿನಿಂದ ‘ರೀ’. ಗದರಿರಲಿಲ್ಲ, ಸಿಟ್ಟೂ ಇರಲಿಲ್ಲ, ಕಾಫಿ ಸೋಸುತ್ತ ಹೇಳಿದ ಮಾತು. ‘ಮೇಡಂ, ನಾಲ್ಕು ಜನರ ಮುಂದೆ ಅಂತ ಅವರು ಹೇಳಿದ್ರು. ನಾನು ಯಾರೂ ಇಲ್ಲದಾಗಲೂ ಬಿಟ್ಟುಬಿಟ್ಟೆ.’

ನಾನು ಏನೂ ಹೇಳಲಿಲ್ಲ. ಇಂಥ ಹೊತ್ತಿನಲ್ಲಿ ವ್ಯಾಖ್ಯಾನ ಮಾಡಬಾರದು ಎಂಬ ಒಂದು ಪಾಠವನ್ನಾದರೂ ನಾನು ಕಲಿತಿದ್ದೇನೆ.

ಮುಂದಿನ ಭೇಟಿಯಲ್ಲಿ ಒಂದು ಪ್ರಯೋಗದ ವಿಷಯ ಹೇಳಿದೆ. 2003ರಲ್ಲಿ ಪ್ರಕಟವಾದದ್ದು. ಟರ್ಕಿಶ್ ಮನೆಮಾತಿನ, ಆಮೇಲೆ ಇಂಗ್ಲಿಷ್ ಕಲಿತ ಜನರಿಗೆ ಎರಡೂ ಭಾಷೆಯ ಬೈಗುಳ, ಚಿಕ್ಕಂದಿನ ಗದರಿಕೆಗಳನ್ನು ಕೇಳಿಸಿ ಚರ್ಮದ ಪ್ರತಿಕ್ರಿಯೆ ಅಳೆದರು. ಮನೆಮಾತಿನ ಗದರಿಕೆಗೆ ಮೈ ಹೆಚ್ಚು ಸ್ಪಂದಿಸಿತು. ಸುಮಾ ಇಂಗ್ಲಿಷಿನಲ್ಲಿ ಮಂಚದ ದೃಶ್ಯವನ್ನೂ ಸಲೀಸಾಗಿ ಬರೆಯುತ್ತಾರೆ, ಕನ್ನಡದಲ್ಲಿ ಒಂದು ಸರ್ವನಾಮಕ್ಕೆ ಬೆವರುತ್ತಾರೆ ಅಂದರೆ ಅದು ಅಂಜುಬುರುಕತನವಲ್ಲ. ಇಂಗ್ಲಿಷಿನ ಆ ಯೂ ಯಾರ ಮನೆಯ ಅತ್ತೆಯನ್ನೂ ಕಂಡದ್ದಲ್ಲ.

ಕೊಟ್ಟ ಸಲಹೆ ಮೂರು ಮಾತಿನದು. ಗ್ರಾಫ್ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಗಂಡನ ಪಕ್ಕದಲ್ಲಿ ಕೂತು. ಗಂಡನಿಗೆ ಇವರ ಬರವಣಿಗೆಯ ವಿಷಯ ಗೊತ್ತಿತ್ತು, ರಾಯಲ್ಟಿ ಜಂಟಿ ಖಾತೆಗೇ ಬರುತ್ತಿತ್ತು. ರಾತ್ರಿ ಎರಡರ ವಿಷಯ ಮಾತ್ರ ಗೊತ್ತಿರಲಿಲ್ಲ. ಈ ತಿಂಗಳು ಓದಿದ ಪುಟದ ಹಣ ಕೈಗೆ ಬರುವುದೇ ತಿಂಗಳು ಮುಗಿದು ಸುಮಾರು ಅರವತ್ತು ದಿನಕ್ಕೆ ಎಂದು ನನಗೆ ಹೇಳಿದ್ದು ಸುಮಾ. ಹಾಗಿದ್ದ ಮೇಲೆ ನಡುರಾತ್ರಿ ಕಾವಲು ಯಾಕೆ? ಎರಡನೆಯದು, ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ತಿರುಗಿಸುವುದನ್ನು ಬಿಡಿ. ಕನ್ನಡದ ಕಥೆ ಕನ್ನಡದಲ್ಲೇ ಹುಟ್ಟಲಿ.

ಮೂರನೆಯದಕ್ಕೆ ನನ್ನ ಸಹೋದ್ಯೋಗಿಗಳು ತಕರಾರು ತೆಗೆದರು. ಅತ್ತೆಗೆ ಹೇಳಬೇಕಾಗಿಲ್ಲ ಅಂದಿದ್ದೆ. ‘ಬಚ್ಚಿಟ್ಟುಕೊಂಡು ಬದುಕು ಅಂತ ಆಪ್ತಸಲಹೆ ಕೊಡೋದಾ?’ ಅಂತ ಕೇಳಿದರು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಎಲ್ಲವನ್ನೂ ಎಲ್ಲರಿಗೂ ಹೇಳಿಬಿಟ್ಟರೆ ಮನಸ್ಸು ಹಗುರ ಎಂಬ ನಂಬಿಕೆ, ಹೇಳಿದ ಮೇಲೆ ಅದೇ ಮನೆಯಲ್ಲಿ ರೊಟ್ಟಿ ತಟ್ಟಬೇಕಾದವರ ಕಷ್ಟ ತಿಳಿಯದವರದು. ಕಾವ್ಯನಾಮ ಸುಳ್ಳು ಹೆಸರಲ್ಲ. ಅನಸೂಯಾ ಶಂಕರ್ ತ್ರಿವೇಣಿಯಾಗಿ ಬರೆದರು. ಅದನ್ನು ಯಾರೂ ಮೋಸ ಅನ್ನಲಿಲ್ಲ. ಗಂಡನಿಂದ ಮುಚ್ಚಿಟ್ಟಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಅತ್ತೆಗೆ ಗೊತ್ತಾದರೆ ಏನು ಹೇಳುವುದು ಎಂದು ಮಾತ್ರ ಇಬ್ಬರೂ ಮೊದಲೇ ಮಾತಾಡಿಕೊಳ್ಳಲಿ ಅಂದೆ. ಮಾತಾಡಿಕೊಂಡಿದ್ದಾರೆ.

ಹನ್ನೊಂದನೇ ಕಂತು ಆರು ವಾರದ ನಂತರ ಬಂತು. ‘ಹೋಗ್ಬೇಡ ಕಣೋ’ ಅದರಲ್ಲಿತ್ತು. ಮನೆಯಲ್ಲಿ ಏನಂತ ಕರೆಯುತ್ತೀರಿ ಅಂತ ಕೇಳಬಾರದಿತ್ತು, ಕೇಳಿಬಿಟ್ಟೆ.

‘ಭಾನುವಾರ ಗ್ರಾಫ್ ನೋಡುವಾಗ ಮಾತ್ರ ಕಣೋ’ ಅಂದರು. ಕಳೆದ ತಿಂಗಳು ಹೊಸ ಇಂಗ್ಲಿಷ್ ಪುಸ್ತಕ ಬಂದ ಮೇಲೆ ಮತ್ತೆ ನಾಲ್ಕು ರಾತ್ರಿ ಎರಡಕ್ಕೆ ಎದ್ದಿದ್ದಾರೆ. ಮುಂದಿನ ಭೇಟಿ ಹದಿನೈದು ದಿನಕ್ಕೆ.