ಓದುಗರ ಪ್ರಶ್ನೆ: ಸವಳು ಹೊಲಕ್ಕೆ ಜಿಪ್ಸಂ ಯಾಕೆ ಹತ್ತಲಿಲ್ಲ?

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ಎರೆ ಹೊಲವಿದೆ. ಇಪ್ಪತ್ತು ವರ್ಷದಿಂದ ಎರಡು ಬೆಳೆ ಭತ್ತ. ಈಗ ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬಿಳುಪು ಏಳುತ್ತದೆ, ನಾಟಿ ಮಾಡಿದ ಸಸಿ ಅಲ್ಲಲ್ಲಿ ಸುಟ್ಟು ಹೋಗುತ್ತದೆ. ಗೊಬ್ಬರದ ಅಂಗಡಿಯವರ ಮಾತು ಕೇಳಿ ಎರಡು ವರ್ಷ ಎಕರೆಗೆ ನಾಲ್ಕು ಚೀಲ ಜಿಪ್ಸಂ ಹಾಕಿದೆ. ಗುಣ ಕಾಣಲಿಲ್ಲ.
– ರೈತ, ಸಿಂಧನೂರು ತಾಲ್ಲೂಕು

ಉತ್ತರ: ಬಿಳಿ ಪುಡಿ ಕಂಡ ತಕ್ಷಣ ಜಿಪ್ಸಂ ತರುವುದು ಜ್ವರ ಯಾವುದೆಂದು ನೋಡದೆ ಗುಳಿಗೆ ನುಂಗಿದ ಹಾಗೆ. ಬಿಳಿ ಪುಡಿ ಬರೀ ಕರಗುವ ಉಪ್ಪಾಗಿದ್ದರೆ ಅದು ಸವಳು. ಅದಕ್ಕೆ ಬೇಕಾದದ್ದು ನೀರಿನಿಂದ ತೊಳೆಯುವುದು, ಜಿಪ್ಸಂ ಅಲ್ಲ. ಮಣ್ಣಿನ ಕಣಕ್ಕೇ ಸೋಡಿಯಂ ಅಂಟಿಕೊಂಡಿದ್ದರೆ ಅದು ಕ್ಷಾರ. ಅಲ್ಲಿ ಮಾತ್ರ ಜಿಪ್ಸಂಗೆ ಕೆಲಸ: ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸಿ ಆ ಜಾಗ ಹಿಡಿಯುತ್ತದೆ.

ಒಣಗಿದ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿಗೆ ಅಲುಗಾಡಿಸದೆ ಬಿಡಿ. ಒಂದೆರಡು ಗಂಟೆಯಲ್ಲಿ ಸುತ್ತ ಹಾಲಿನಂಥ ಮೋಡ ಹರಡಿದರೆ ಕ್ಷಾರದ ಗುರುತು. ಬೋರ್‌ವೆಲ್ ನೀರು ಬೇಡ, ಅದರ ಉಪ್ಪೇ ಫಲಿತಾಂಶ ಕೆಡಿಸುತ್ತದೆ. ಉಪ್ಪು, ಸೋಡಿಯಂ ಎರಡೂ ಹೆಚ್ಚಿರುವ ಮಣ್ಣಲ್ಲೂ ಈ ಪರೀಕ್ಷೆ ಮೋಸ ಮಾಡುತ್ತದೆ: ಉಪ್ಪು ಇರುವತನಕ ಹೆಂಟೆ ಗಟ್ಟಿಯಾಗೇ ಇರುತ್ತದೆ, ಉಪ್ಪು ತೊಳೆದ ಮೇಲೆ ಕುಸಿದು ನೀರು ಇಂಗುವುದೇ ನಿಲ್ಲುತ್ತದೆ. ಹಾಗಾಗಿ ಪ್ರಯೋಗಾಲಯ ತಪ್ಪದು.

ಏಪ್ರಿಲ್–ಮೇನಲ್ಲಿ, ಗೊಬ್ಬರ ಹಾಕುವ ಮುಂಚೆ, ಕೆಟ್ಟ ಜಾಗದ ಮಣ್ಣು ಬೇರೆ, ಒಳ್ಳೆಯ ಜಾಗದ್ದು ಬೇರೆ ತೆಗೆಯಿರಿ. 0–15, 15–30, 30–60 ಸೆಂ.ಮೀ. ಆಳದಿಂದ ತಲಾ ಅರ್ಧ ಕಿಲೋ ಸಾಕು. ಯೂರಿಯಾ ಚೀಲದಲ್ಲಿ ತುಂಬಬೇಡಿ. ರಸಸಾರ (ಪಿಎಚ್), ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ), ಜಿಪ್ಸಂ ಬೇಡಿಕೆ (ಎಷ್ಟು ಜಿಪ್ಸಂ ಬೇಕೆಂಬ ಲೆಕ್ಕ) ಮೂರನ್ನೂ ಕೇಳಿ. ಇಸಿ 4ಕ್ಕಿಂತ (ಡೆಸಿಸೀಮೆನ್ಸ್/ಮೀಟರ್) ಹೆಚ್ಚಿದ್ದರೆ ಸವಳು ಅನ್ನುವುದು ಸಂತೃಪ್ತ ಸಾರದ, ಅಂದರೆ ಮಣ್ಣನ್ನು ನೀರಲ್ಲಿ ಪೂರ್ತಿ ತೋಯಿಸಿ ಹೀರಿ ತೆಗೆದ ನೀರಿನ, ಲೆಕ್ಕ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಎರೆ ಮಣ್ಣಿನಲ್ಲಿ ಅಂಕಿ ಬಹಳ ಕಡಿಮೆ ಬರುತ್ತದೆ. ಅದನ್ನು ನೋಡಿ ನಿಶ್ಚಿಂತರಾಗಬೇಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಮಣ್ಣುಗಳ ಮೇಲೇ ಕೆಲಸ ನಡೆಯುತ್ತದೆ. ಅಲ್ಲಿ ವಿಚಾರಿಸಿ.

ಕ್ಷಾರವೇ ಇದ್ದರೂ ನಾಲ್ಕು ಚೀಲ ಎಂದರೆ ಎರಡು ಕ್ವಿಂಟಲ್. 100 ಗ್ರಾಂ ಮಣ್ಣಿನಿಂದ ಒಂದು ಮಿಲಿ ಈಕ್ವಿವಲೆಂಟ್ (ಪ್ರಯೋಗಾಲಯದ ಅಳತೆ) ಸೋಡಿಯಂ ಬಿಡಿಸಲು, ಮೇಲಿನ 15 ಸೆಂ.ಮೀ.ಗಷ್ಟೇ, ಎಕರೆಗೆ ಸುಮಾರು ಎಂಟು ಕ್ವಿಂಟಲ್ ಶುದ್ಧ ಜಿಪ್ಸಂ ಬೇಕು. ಶೇ 70 ಶುದ್ಧತೆಯದಾದರೆ ಹನ್ನೊಂದು. ನುಣ್ಣಗಿನ ಪುಡಿಯನ್ನು ಮೇಲಿನ 10 ಸೆಂ.ಮೀ. ಮಣ್ಣಿಗೆ ಬೆರೆಸಿ, ನೀರು ನಿಲ್ಲಿಸಿ ಹತ್ತು–ಹದಿನೈದು ದಿನ ಇಂಗಿಸಿ. ಬಿಡುಗಡೆಯಾದ ಸೋಡಿಯಂ ಬಸಿದು ಹೊರಗೆ ಹೋಗಲೇಬೇಕು. ಆಮೇಲೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚಾ ಬಿತ್ತಿ, 45–50 ದಿನಕ್ಕೆ ಮಣ್ಣಿಗೆ ಸೇರಿಸಿ.

ನಿಮ್ಮಲ್ಲಿ ಎಡವಿದ್ದು ಬಹುಶಃ ಈ ಬಸಿಯುವಲ್ಲೇ. ಎರಡು ಮೀಟರ್ ರಂಧ್ರ ಕೊರೆದು, ತೂತು ಮಾಡಿದ ಪಿವಿಸಿ ಪೈಪು ಇಳಿಸಿ, ವಾರಕ್ಕೊಮ್ಮೆ ನೀರಿನ ಮಟ್ಟ ಅಳೆಯಿರಿ. ನೆಲದಿಂದ ಒಂದೂವರೆ ಮೀಟರ್ ಆಳದೊಳಗೇ ನೀರಿದ್ದರೆ, ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಮಣ್ಣು ನೀರನ್ನು ಮೇಲೆಳೆಯುತ್ತದೆ. ನೀರು ಆರಿ ಉಪ್ಪು ಉಳಿಯುತ್ತದೆ. ಆಗ ಜಿಪ್ಸಂಗೆ ಸುರಿದ ದುಡ್ಡು ನೀರಲ್ಲಿ ಹೋಮ.

ಪ್ರಶ್ನೆ: ಬಸಿಗಾಲುವೆ ತೋಡಿ ನೀರನ್ನು ಹಳ್ಳಕ್ಕೆ ಬಿಡಬೇಕೆಂದಿದ್ದೇನೆ. ಕೆಳಗಿನ ಹೊಲದವರು ಬೇಡ ಅನ್ನುತ್ತಾರೆ. ಯಾರದು ಸರಿ?
– ಓದುಗ, ಮಾನ್ವಿ ತಾಲ್ಲೂಕು

ಉತ್ತರ: ಅವರ ಅಂಜಿಕೆ ಸುಳ್ಳಲ್ಲ. ನಿಮ್ಮ ಹೊಲದ ಉಪ್ಪು ಮಾಯವಾಗುವುದಿಲ್ಲ, ಊರು ಬದಲಿಸುತ್ತದೆ ಅಷ್ಟೇ. ಮೊದಲ ತೊಳೆತದ ನೀರು ಅತಿ ಉಪ್ಪು. ಹಳ್ಳ ಬತ್ತಿ, ಅದರ ಮಡುವಿನಿಂದ ಜನ ಪಂಪ್ ಹಾಕುವ ಬೇಸಿಗೆಯಲ್ಲಿ ಅದನ್ನು ಬಿಡಬೇಡಿ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ತೊಳೆಯಿರಿ.

ಕಾಲುವೆ ಒಂದು ಮೀಟರಿಗಿಂತ ಆಳವಿರಲಿ, ಹಳ್ಳದ ತಳ ಅದಕ್ಕಿಂತ ತಗ್ಗಿರಲಿ. ಮುಂಗಾರಿಗೆ ಮುಂಚೆ ಜೊಂಡು ಕೀಳದಿದ್ದರೆ ಎರಡೇ ವರ್ಷಕ್ಕೆ ಅದು ಕೆಸರಿನ ಗುಂಡಿ. ಒಬ್ಬರೇ ತೋಡಿದರೆ ಪಕ್ಕದವರ ಬಸಿಯೂ ನಿಮ್ಮಲ್ಲಿಗೇ ಬರುತ್ತದೆ, ಸಾಲು ಹೊಲದವರು ಕೂಡಿಯೇ ಮಾಡಬೇಕು.

ಬಸಿಯುವ ನೀರನ್ನೇ ಕಡಿಮೆ ಮಾಡುವುದು ಇದಕ್ಕಿಂತ ಅಗ್ಗ. 1953ರಲ್ಲಿ ನೀರು ಹರಿಯತೊಡಗಿದ ತುಂಗಭದ್ರಾ ಯೋಜನೆಯಲ್ಲಿ ಎಡದಂಡೆಯ ಹೆಚ್ಚಿನ ಭೂಮಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ ಗೊತ್ತಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಅಲ್ಲಿ ಜವಳು (ನೀರು ಬಸಿಯದೆ ನಿಂತ ನೆಲ), ಕೊನೆಭಾಗದಲ್ಲಿ ನೀರೇ ಇಲ್ಲ. ಭತ್ತ ಉಪ್ಪು ತಾಳುತ್ತದೆಂಬ ಮಾತೂ ಅರ್ಧ ಸತ್ಯ. ಅದರ ಇಳುವರಿ ಇಸಿ 3 ದಾಟಿದರೆ ಇಳಿಯುತ್ತದೆ. ನಿಂತ ನೀರು ಉಪ್ಪನ್ನು ತೆಳುವಾಗಿಸುವುದರಿಂದ ಬದುಕುತ್ತದೆ, ಅಷ್ಟೇ. ಜೋಳ 6.8ರವರೆಗೆ, ಹತ್ತಿ 7.7ರವರೆಗೆ ತಡೆಯುತ್ತವೆ. ಶೇಂಗಾ ಮಾತ್ರ ಬೇಡ, 3.2ಕ್ಕೇ ಸೋಲುತ್ತದೆ. ಎರಡನೇ ಬೆಳೆಗೆ ಜೋಳ ಹಾಕಿ ನೋಡಿ.

ಪ್ರಶ್ನೆ: ಭತ್ತದ ಹುಲ್ಲು ಸುಟ್ಟರೆ ಬೂದಿಯಿಂದ ಸವಳು ಇಳಿಯುತ್ತದೆಯೇ?
– ಓದುಗರು, ಸಿರುಗುಪ್ಪ

ಉತ್ತರ: ಇಲ್ಲ. ಬೂದಿಯೇ ಕ್ಷಾರ. ಹುಲ್ಲಿನ ಸಾರಜನಕ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ, ಪೊಟ್ಯಾಷ್ ಒಂದಷ್ಟು ಉಳಿಯುತ್ತದೆ. ಅದೇ ಹುಲ್ಲು ಮಣ್ಣಲ್ಲಿ ಕೊಳೆತರೆ ಹೊರಡುವ ಇಂಗಾಲದ ಡೈಆಕ್ಸೈಡ್ ಎರೆ ಮಣ್ಣಿನ ಸುಣ್ಣದ ಹರಳನ್ನು ಕರಗಿಸಿ ಕ್ಯಾಲ್ಸಿಯಂ ಬಿಡುತ್ತದೆ, ಜಿಪ್ಸಂ ಮಾಡುವ ಕೆಲಸವನ್ನೇ ನಿಧಾನವಾಗಿ ಮಾಡುತ್ತದೆ. ಕತ್ತರಿಸಿ ಉಳುಮೆ ಮಾಡಿ, ನಾಟಿಗೆ ಮುಂಚೆ ಮೂರು ವಾರ ಬಿಡಿ. ಅವಸರ ಮಾಡಿದರೆ ಕೊಳೆಯುವ ಹುಲ್ಲು ಸಾರಜನಕ ಹೀರಿ ಸಸಿ ಹಳದಿಯಾಗುತ್ತದೆ.