ಈಜು ಬರದವರು ರಾಫ್ಟಿಂಗ್‌ಗೆ ಹೋಗಬಹುದಾ, ಇಲ್ಲ ದಡದಲ್ಲೇ ಆಡಿಕೊಂಡಿರುವುದು ವಾಸಿಯಾ?

ನೀವು ಕೇಳಿದ್ದು ಇಷ್ಟು: ರಜೆಗೆ ನದಿ ಪಕ್ಕದ ಹಳ್ಳಿಯೊಂದಕ್ಕೆ ಹೊರಟಿದ್ದೀರಿ. ನಾಲ್ಕು ಜನ, ಮಗನಿಗೆ ಹತ್ತು ವರ್ಷ. ನಿಮಗೆ ಈಜು ಬರಲ್ಲ. ಅಲ್ಲಿ ರಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ರಭಸದ ನೀರಿನ ಮೇಲೆ ಹೋಗುವುದು), ಕಯಾಕ್ (ಒಬ್ಬಿಬ್ಬರು ಕೂರುವ ಸಣ್ಣ ದೋಣಿ), ಟ್ಯೂಬಿಂಗ್ (ಗಾಳಿ ತುಂಬಿದ ಟ್ಯೂಬ್ ಮೇಲೆ ಕೂತು ತೇಲುವುದು), ಜಿಪ್‌ಲೈನ್ (ತಂತಿಗೆ ಜೋತುಬಿದ್ದು ಜಾರುವುದು) ಎಲ್ಲ ಇದೆ. ನಿಮ್ಮ ಯಜಮಾನರು "ರಾಫ್ಟಿಂಗ್ ಅಪಾಯ, ಬೇಡ. ದಡದ ಹತ್ತಿರ ನೀರಿಗಿಳಿದು ಆಡಿಕೊಂಡಿದ್ದರೆ ಸಾಕು" ಅನ್ನುತ್ತಿದ್ದಾರೆ. ಯಾವುದು ಸರಿ ಅಂತ ನಿಮ್ಮ ಪ್ರಶ್ನೆ.

ನಾನು ಹಲವು ವರ್ಷ ರಾಫ್ಟ್ ಗೈಡ್ ಆಗಿದ್ದವಳು. ನನ್ನ ಉತ್ತರ ಯಜಮಾನರ ಮಾತಿಗೆ ಪೂರ್ತಿ ಉಲ್ಟಾ ಇದೆ. ಒಳ್ಳೆಯ ಗೈಡ್ ಜೊತೆ, ಮೈಗೆ ಸರಿಯಾಗಿ ಕೂತ ಲೈಫ್ ಜಾಕೆಟ್ ಹಾಕಿಕೊಂಡು, ಸುಲಭದ ನೀರಿನಲ್ಲಿ ರಾಫ್ಟ್ ಹತ್ತಿ. ಆದರೆ ಗೊತ್ತಿಲ್ಲದ ಹೊಳೆಗೆ ಜಾಕೆಟ್ ಇಲ್ಲದೆ ಸುಮ್ನೆ ಇಳಿಯಬೇಡಿ. ಇವೆರಡರಲ್ಲಿ ನನಗೆ ಜಾಸ್ತಿ ಭಯ ಇರುವುದು ಎರಡನೆಯದರ ಬಗ್ಗೆಯೇ.

ಜನ ನೊರೆ ನೋಡಿ ಹೆದರುತ್ತಾರೆ. ನೊರೆ ಎದ್ದು ಕಾಣುತ್ತದೆ, ಸದ್ದು ಮಾಡುತ್ತದೆ, ಹಾಗಾಗಿ ಎಲ್ಲರೂ ಎಚ್ಚರವಾಗಿರುತ್ತಾರೆ. ದಡದ ಹತ್ತಿರ ನೀರು ತಣ್ಣಗೆ ಹರಿಯುತ್ತಿರುತ್ತದೆ. ಮೊಣಕಾಲುದ್ದ ನೀರು, ಎರಡು ಹೆಜ್ಜೆ ಮುಂದೆ ಇಟ್ಟರೆ ಒಮ್ಮೆಲೇ ಮಡು. ಹೊಳೆಯ ತಿರುವಿನಲ್ಲಿ ಇದು ಸಾಮಾನ್ಯ: ಒಳಮಗ್ಗುಲಲ್ಲಿ ಮರಳು ಬಂದು ಕೂತಿರುತ್ತದೆ, ಹೊರಮಗ್ಗುಲನ್ನು ನೀರು ಕೊರೆದು ಆಳ ಮಾಡಿರುತ್ತದೆ. ಮರಳಿನ ಕಡೆ ಇಳಿದವರು ಇಡೀ ಹೊಳೆ ಹೀಗೇ ಇದೆ ಅಂದುಕೊಳ್ಳುತ್ತಾರೆ.

ಇನ್ನೊಂದು ವಿಷಯ ಸೆಳವು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ನಿಮ್ಮ ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮೇಲಿಂದ ನೋಡಿದರೆ ಅಂಥಾ ವ್ಯತ್ಯಾಸವೇ ಕಾಣಲ್ಲ. ನಾನು ಹೊಸ ಜಾಗಕ್ಕೆ ಹೋದರೆ ಮೊದಲು ಒಂದು ಒಣ ಕಡ್ಡಿ ನೀರಿಗೆ ಎಸೆದು, ದಡದಲ್ಲಿ ಅದರ ಜೊತೆ ನಡೆಯುತ್ತೇನೆ. ಮಾಮೂಲಿ ನಡಿಗೆಯಲ್ಲಿ ಕಡ್ಡಿ ನನ್ನನ್ನು ಹಿಂದೆ ಹಾಕಿದರೆ ಅಲ್ಲಿ ಮೊಣಕಾಲಿಗಿಂತ ಮೇಲಿನ ನೀರಿಗೆ ಯಾರನ್ನೂ ಬಿಡುವುದಿಲ್ಲ. ಮಕ್ಕಳಿಗೂ ಇದು ಆಟದ ಥರ ಇಷ್ಟ ಆಗುತ್ತದೆ, ಮಗನ ಕೈಯಲ್ಲೇ ಮಾಡಿಸಿ.

ಮೊಣಕಾಲಿನ ಲೆಕ್ಕ ಯಾಕೆ ಅಂದರೆ, ಹೊಳೆಯ ತಳದಲ್ಲಿ ಬಂಡೆಗಳ ನಡುವೆ ಸಂದುಗಳಿರುತ್ತವೆ. ಜೋರಾಗಿ ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋದಾಗ ಪಾದ ಸಂದಿನೊಳಗೆ ಸಿಕ್ಕಿಕೊಳ್ಳುತ್ತದೆ. ನೀರು ಬೆನ್ನಿನಿಂದ ತಳ್ಳುತ್ತದೆ, ಆಳು ಮುಂದಕ್ಕೆ ಬೀಳುತ್ತಾರೆ. ಅಲ್ಲಿಂದ ಮೇಲೇಳಲು ಆಗುವುದಿಲ್ಲ. ಸೊಂಟದಷ್ಟು ನೀರಿನಲ್ಲೂ ಈಜು ಬಲ್ಲವರು ಹೀಗೆ ಮುಳುಗಿ ಸತ್ತಿದ್ದಾರೆ. ಅದಕ್ಕೇ ಗೈಡ್‌ಗಳು ಗಂಟಲು ಹರಿಯುವ ಹಾಗೆ ಕೂಗುವುದು, "ಎದ್ದು ನಿಲ್ಲಬೇಡಿ!" ಅಂತ. ಕಾಲಿಗೆ ನೆಲ ಸಿಕ್ಕಿತು ಅಂತ ಖುಷಿಯಾಗಿ ನಿಲ್ಲುವುದೇ ಎಲ್ಲರ ಮೊದಲ ಬುದ್ಧಿ. ಅದನ್ನು ತಡೆಯಲೇಬೇಕು.

ಬಾಗಿ ಬಿದ್ದ ಮರಗಳನ್ನೂ ನೋಡಿಕೊಳ್ಳಿ. ಕೊಂಬೆಗಳ ಸಂದಿನಿಂದ ನೀರು ದಾಟಿಹೋಗುತ್ತದೆ, ಮನುಷ್ಯ ದಾಟಲಾರ. ನೀರು ಅಲ್ಲೇ ಒತ್ತಿ ಹಿಡಿಯುತ್ತದೆ. ದೂರದಿಂದಲೇ ತಪ್ಪಿಸಿಕೊಳ್ಳಬೇಕು. ತೀರಾ ಹತ್ತಿರ ಬಂದುಬಿಟ್ಟರೆ ಮಾತ್ರ ಹೊಟ್ಟೆ ಕೆಳಗಾಗಿ ಮಗುಚಿಕೊಂಡು ತಲೆ ಮುಂದಾಗಿ ಮರದ ಕಡೆ ಜೋರಾಗಿ ಈಜಿ, ಅದರ ಮೇಲೆ ಹತ್ತಿಬಿಡಬೇಕು.

ಇವೆಲ್ಲದಕ್ಕಿಂತ ಮೋಸದ ಜಾಗ ಅಂದರೆ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡು. ಆಳೆತ್ತರವೂ ಇರಲ್ಲ. ಮೇಲಿನ ಕಡೆ ನೀರು ಕನ್ನಡಿ ಥರ ನಿಂತಿರುತ್ತದೆ, ಆಚೆ ಒಂದೇ ಸಮನೆ ಬೀಳುತ್ತಿರುತ್ತದೆ. ನೋಡಲು ಚೆಂದ. ಆದರೆ ಬಿದ್ದ ನೀರು ಬುಡದಲ್ಲಿ ಸುತ್ತಿ ಮತ್ತೆ ಗೋಡೆಯ ಕಡೆಗೇ ವಾಪಸ್ ಬರುತ್ತದೆ. ಒಳಗೆ ಸಿಕ್ಕಿದವರನ್ನು ಮುಳುಗಿಸಿ, ಎತ್ತಿ, ಮತ್ತೆ ಗೋಡೆಗೆ ಎಳೆಯುತ್ತದೆ. ಸಹಜವಾದ ಬಂಡೆಯ ಕೆಳಗೆ ಸುಳಿಯಿಂದ ಪಕ್ಕಕ್ಕೆ ಜಾರಿಕೊಳ್ಳಲು ದಾರಿ ಇರಬಹುದು. ಒಡ್ಡು ಈ ದಡದಿಂದ ಆ ದಡದವರೆಗೆ ಒಂದೇ ಸಮ ಇರುತ್ತದೆ, ಜಾರಿಕೊಳ್ಳಲು ಜಾಗವೇ ಇಲ್ಲ. 1975ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಇಂಥದ್ದೇ ಒಂದು ಒಡ್ಡಿನಲ್ಲಿ, ಜನರನ್ನು ಉಳಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೇ ಪ್ರಾಣ ಕಳೆದುಕೊಂಡರು. ತರಬೇತಿ ಆದವರ ಕಥೆಯೇ ಹೀಗೆ. ಒಡ್ಡಿನ ಮೇಲೂ ಬೇಡ, ಕೆಳಗೂ ಬೇಡ, ಅದರ ಮೇಲೆ ನಡೆದು ಫೋಟೋ ತೆಗೆಯುವುದೂ ಬೇಡ.

ಮೇಲೆ ಎಲ್ಲಾದರೂ ದೊಡ್ಡ ಅಣೆಕಟ್ಟು ಇದೆಯಾ ಅಂತ ತಪ್ಪದೆ ಕೇಳಿ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಪ್ರವಾಸಕ್ಕೆ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೀರು ಕಡಿಮೆ ಇದೆ ಅಂತ ಬಂಡೆಗಳ ಮೇಲೆ ಹೋಗಿದ್ದರು. ಮೇಲೆ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರ್ಯಾರೂ ಸಾಹಸ ಮಾಡಲು ಹೋದವರಲ್ಲ. ನಿಮ್ಮ ಯಜಮಾನರು ಹೇಳುವ ಹಾಗೆ ದಡದ ಹತ್ತಿರ ಆಡಿಕೊಂಡಿದ್ದವರು. ಈ ಘಟನೆ ನೆನಪಾದಾಗಲೆಲ್ಲ ನನಗೆ ಈಗಲೂ ಸಂಕಟ ಆಗುತ್ತದೆ. ನೀರು ಬಿಡುವ ಹೊತ್ತು ಅಲ್ಲಿನ ರಾಫ್ಟ್ ಗೈಡ್‌ಗಳಿಗೆ ಗೊತ್ತಿರುತ್ತದೆ, ಎಷ್ಟೋ ಕಡೆ ಅವರ ಟ್ರಿಪ್ ನಡೆಯುವುದೇ ಆ ನೀರಿನ ಮೇಲೆ. ಮಳೆಯದ್ದೂ ಇದೇ ಕಥೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಕೆಂಪಗಾಗುವುದು, ಎಲೆ ಕಸಕಡ್ಡಿ ತೇಲಿ ಬರುವುದು, ಹೊಳೆಯ ಸದ್ದು ಬದಲಾಗುವುದು, ಇದರಲ್ಲಿ ಯಾವುದು ಕಂಡರೂ ಸಾಮಾನು ಸರಂಜಾಮು ಬಿಟ್ಟು ಮೇಲಕ್ಕೆ ಬನ್ನಿ.

ಈಗ ರಾಫ್ಟಿಂಗ್. ರಭಸದ ನೀರನ್ನು ಗ್ರೇಡ್ 1ರಿಂದ 6ರವರೆಗೆ ಅಳೆಯುತ್ತಾರೆ. 1 ಅಂದರೆ ಸಣ್ಣ ಅಲೆ, ನಿಧಾನದ ಹರಿವು. 2ರಲ್ಲಿ ಅಲೆ ಇರುತ್ತದೆ, ದಾರಿ ಅಗಲವಾಗಿ ಸಲೀಸಾಗಿರುತ್ತದೆ. 3ರಲ್ಲಿ ಅಲೆ ದೊಡ್ಡದು, ರಾಫ್ಟನ್ನು ತಿರುಗಿಸಲು ಕೆಲಸ ಗೊತ್ತಿರಬೇಕು. 4, 5 ಅನುಭವಸ್ಥರಿಗೆ. 6 ಅಂದರೆ ಬಹುಪಾಲು ಹೋಗಲಾಗದ್ದು. ನಿಮ್ಮ ಕುಟುಂಬಕ್ಕೆ 1 ಮತ್ತು 2 ಸರಿ. ಮಗ ಇಲ್ಲದೆ ನೀವಿಬ್ಬರೇ ಹೋಗುವುದಾದರೆ, ಗೈಡ್ ಒಪ್ಪಿದರೆ 3. ಒಂದು ಮಾತು ನೆನಪಿರಲಿ: ಗ್ರೇಡ್ ನೀರಿನ ಮಟ್ಟದ ಜೊತೆ ಬದಲಾಗುತ್ತದೆ. ಬೇಸಿಗೆಯಲ್ಲಿ 2 ಇದ್ದದ್ದು ಮಳೆಗಾಲದಲ್ಲಿ 4 ಆಗಿರಬಹುದು. "ಇದು ಗ್ರೇಡ್ ಎಷ್ಟು" ಅಂತ ಕೇಳುವ ಬದಲು "ಇವತ್ತಿನ ನೀರಿಗೆ ಗ್ರೇಡ್ ಎಷ್ಟು" ಅಂತ ಕೇಳಿ. ಇದಕ್ಕೆ ತಡವರಿಸುವವರ ರಾಫ್ಟ್ ಹತ್ತಬೇಡಿ.

ಈಜು ಬರದಿರುವುದು ಇಲ್ಲಿ ಅಂಥಾ ದೊಡ್ಡ ಅಡ್ಡಿ ಅಲ್ಲ, ಜಾಕೆಟ್ ಸರಿ ಇರಬೇಕು ಅಷ್ಟೇ. ಅದನ್ನು ನೀವೇ ಪರೀಕ್ಷೆ ಮಾಡಬಹುದು. ಬಕಲ್ ಎಲ್ಲ ಹಾಕಿ, ಪಟ್ಟಿ ಬಿಗಿ ಮಾಡಿಕೊಂಡ ಮೇಲೆ ಯಾರಿಗಾದರೂ ಎರಡೂ ಹೆಗಲ ಹತ್ತಿರ ಜಾಕೆಟ್ ಹಿಡಿದು ಜೋರಾಗಿ ಮೇಲಕ್ಕೆ ಎಳೆಯಲು ಹೇಳಿ. ಅದು ಗಲ್ಲಕ್ಕೋ ಕಿವಿಗೋ ಬಂದು ತಾಗಿದರೆ ಸಡಿಲ ಇದೆ ಅಂತ ಅರ್ಥ. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ನೀವು ಅದರೊಳಗಿಂದ ಕೆಳಗೆ ಜಾರುತ್ತೀರಿ. ಒಳಗಿನ ಫೋಮ್ ಒತ್ತಿ ನೋಡಿ. ಒತ್ತಿದ ಕಡೆ ತಗ್ಗು ಹಾಗೇ ಉಳಿದರೆ ಅದರ ಆಯಸ್ಸು ಮುಗಿದಿದೆ. ಬಣ್ಣ ಪೂರ್ತಿ ಹೋಗಿ, ಬಟ್ಟೆ ಪಿಸಿದು, ಬಕಲ್ ಬದಲು ದಾರ ಕಟ್ಟಿದ್ದನ್ನೂ ನೋಡಿದ್ದೇನೆ. ಅಂಥದ್ದು ಕೊಟ್ಟರೆ ಬೇರೆ ಕೇಳಿ. ಇಲ್ಲ ಅಂದರೆ ವಾಪಸ್ ಬನ್ನಿ. ಹೆಲ್ಮೆಟ್ ಕೂಡ ಗಲ್ಲದ ಪಟ್ಟಿ ಹಾಕಿದ್ದಾಗಲೇ ಲೆಕ್ಕ.

ರಾಫ್ಟ್‌ನಲ್ಲಿ ಆಗುವ ಪೆಟ್ಟುಗಳಲ್ಲಿ ಒಂದು ಬಗೆಯದು ನೀರು ತಳ್ಳಲು ಕೈಯಲ್ಲಿ ಹಿಡಿಯುವ ಹುಟ್ಟಿನಿಂದಲೇ ಆಗುತ್ತದೆ. ಹುಟ್ಟಿನ ತುದಿಯಲ್ಲಿ ಅಡ್ಡಹಿಡಿ ಇರುತ್ತದೆ, ಅದರ ಮೇಲಿಂದ ಕೈ ತೆಗೆಯಲೇಬೇಡಿ. ಕೈ ಬಿಟ್ಟರೆ ಅದು ಹಾರಿ ಪಕ್ಕದವರ ಹಲ್ಲಿಗೆ ಬಡಿಯುತ್ತದೆ.

ಬಿದ್ದರೆ? ನನ್ನ ರಾಫ್ಟ್‌ನಿಂದ ಒಮ್ಮೆ ಒಬ್ಬ ಅಮ್ಮ ಬಿದ್ದರು. ಈಜು ಬರುತ್ತಿರಲಿಲ್ಲ, ನೀರಿಗೆ ಇಳಿದದ್ದೇ ಅವತ್ತು ಮೊದಲು. ಒಂದು ಅಲೆ ಅವರ ಮೇಲೆ ಹಾದುಹೋಯಿತು. ಮೇಲೆ ಬಂದಾಗ ಕೆಮ್ಮುತ್ತಿದ್ದರು, ಆದರೆ ಬೆನ್ನ ಮೇಲೆ ಮಲಗಿ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗೆ ಎತ್ತಿ, ಪಾದ ಹರಿವಿನ ಕಡೆ ಮಾಡಿಕೊಂಡಿದ್ದರು. ದಡದಲ್ಲಿ ಹೇಳಿಕೊಟ್ಟದ್ದನ್ನು ಒಂದೂ ಬಿಡದೆ ಮಾಡಿದರು. ಬಂಡೆ ಬಂದಾಗ ಪಾದದಿಂದ ತಳ್ಳಿಕೊಂಡರು. ಅಲೆಯ ತಗ್ಗಿನಲ್ಲಿ ಉಸಿರು ತೆಗೆದುಕೊಂಡರು, ನೆತ್ತಿಯಲ್ಲಿ ಬಾಯಿ ಮುಚ್ಚಿದರು. ನಾನು ಹಗ್ಗದ ಚೀಲ ಎಸೆದೆ, ಎಸೆದಾಗ ಒಳಗಿನ ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅವರು ಚೀಲ ಬಿಟ್ಟು ಹಗ್ಗವನ್ನೇ ಹಿಡಿದರು, ಹೆಗಲ ಮೇಲಿಂದ ಎದೆಗೆ ತಂದುಕೊಂಡು, ಹಾಗೇ ಅಂಗಾತ ಮಲಗಿದರು. ಕೈಗೆ ಸುತ್ತಿಕೊಳ್ಳಲಿಲ್ಲ, ಅದು ಬಹಳ ಮುಖ್ಯ. ಸೆಳವೇ ಅವರನ್ನು ಬೀಸಿಕೊಂಡು ಬಂದು ದಡದ ಪಕ್ಕ ಬಿಟ್ಟಿತು. ಎಷ್ಟೋ ಈಜುಗಾರರು ಇಷ್ಟು ಚೆನ್ನಾಗಿ ಮಾಡುವುದಿಲ್ಲ, ಅವರು ಸೆಳವಿಗೆ ಎದುರು ಈಜಿ ಸುಸ್ತಾಗುತ್ತಾರೆ. ಹಾಗಾಗಿ ಗೈಡ್ ಮಾತಾಡುವಾಗ ಫೋನ್ ಒಳಗಿಡಿ. ಮಾತೇ ಆಡದೆ ಜಾಕೆಟ್ ಕೊಟ್ಟು ಹತ್ತಿಸಿಕೊಳ್ಳುವ ಗೈಡ್ ಆದರೆ ಇಳಿದುಬಿಡಿ.

ರಾಫ್ಟ್ ಮಗುಚಿ ನೀವು ಅದರ ಅಡಿ ಬಂದರೂ ಗಾಬರಿ ಬೇಡ. ಎರಡೂ ಅಂಗೈಯನ್ನು ರಾಫ್ಟಿಗೆ ಒತ್ತಿ, ಒಂದೇ ದಿಕ್ಕಿಗೆ ಕೈ ಬದಲಿಸುತ್ತಾ ಹೋದರೆ ಅಂಚು ಸಿಗುತ್ತದೆ. ದಿಕ್ಕು ಮಾತ್ರ ಬದಲಿಸಬೇಡಿ.

ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ಸುತ್ತುವ ಜಾಗವೊಂದಿರುತ್ತದೆ, ಗೈಡ್‌ಗಳು ಎಡ್ಡಿ ಅನ್ನುತ್ತಾರೆ. ನಾವು ರಾಫ್ಟ್ ನಿಲ್ಲಿಸುವುದು, ಬಿದ್ದವರನ್ನು ಹತ್ತಿಸಿಕೊಳ್ಳುವುದು ಎಲ್ಲ ಅಲ್ಲೇ. ಕಯಾಕ್ ಕಲಿಯುವವರಿಗೂ ಅದೇ ಮೊದಲ ಪಾಠ. ಮಗನಿಗೆ ಕಯಾಕ್ ಆಸೆ ಇದ್ದರೆ ಹಿನ್ನೀರಿನಂಥ ನಿಂತ ನೀರಿನಲ್ಲಿ, ಮೇಲೆ ಕೂರುವಂಥ ಕಯಾಕ್ ಕೊಡಿಸಿ. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಮಾತಿಲ್ಲ. ಮೊದಲ ದಿನಕ್ಕೆ ಅದರಷ್ಟು ಖುಷಿ ಬೇರೆ ಇಲ್ಲ ಅಂತ ನನ್ನ ಅನಿಸಿಕೆ.

ಟ್ಯೂಬಿಂಗ್ ನನಗೆ ಹಿಡಿಸಲ್ಲ. ಎಲ್ಲರೂ ಅದನ್ನೇ ಸುಲಭ ಅಂದುಕೊಳ್ಳುತ್ತಾರೆ. ಟ್ಯೂಬನ್ನು ಬೇಕಾದ ಕಡೆ ತಿರುಗಿಸಲು ಹೆಚ್ಚುಕಮ್ಮಿ ಆಗುವುದೇ ಇಲ್ಲ, ಕಾಲು ಕೆಳಗೆ ಇಳಿಬಿದ್ದಿರುತ್ತದೆ, ಜನ ಜಾಕೆಟ್ ತೆಗೆದಿಟ್ಟು ಮಲಗುತ್ತಾರೆ. ಹರಿವು ನಿಧಾನ ಇದ್ದು, ಜಾಕೆಟ್ ಇದ್ದು, ಎಲ್ಲಿ ಹತ್ತಬೇಕು ಎಲ್ಲಿ ಇಳಿಯಬೇಕು ಗೊತ್ತಿದ್ದು, ಜೊತೆಗೆ ಗೈಡ್ ಇದ್ದರೆ ಮಾತ್ರ. ಬಂಡೆ ಮೇಲಿಂದ ಹಾರುವುದು ಬೇಡವೇ ಬೇಡ. 10 ಮೀಟರ್ ಮೇಲಿಂದ ಹಾರಿದರೆ ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್ ಇರುತ್ತದೆ. ಅಡಿಯಲ್ಲಿ ಏನಿದೆ ಅಂತ ಮೇಲಿಂದ ಕಾಣಲ್ಲ, ಹೋದ ವರ್ಷ ಆಳ ಇದ್ದ ಕಡೆ ಈ ವರ್ಷದ ನೆರೆ ಒಂದು ಬಂಡೆ ತಂದಿಟ್ಟಿರಬಹುದು. ಜಿಪ್‌ಲೈನ್‌ಗೆ ಹೋಗಿ, ಪರವಾಗಿಲ್ಲ, ಮೈಗೆ ಕಟ್ಟುವ ಹಾರ್ನೆಸ್‌ನ ಪಟ್ಟಿ ತಿರುಚಿಲ್ಲ ಅಂತ ನೋಡಿಕೊಂಡರೆ ಆಯಿತು.

ಹೊಳೆ ಪಕ್ಕ ಟೆಂಟ್ ಹಾಕುವ ಯೋಚನೆ ಇದ್ದರೆ ಸುತ್ತಲಿನ ಪೊದೆಗಳನ್ನು ನೋಡಿ. ಕೊಂಬೆಗಳಲ್ಲಿ ಒಣ ಹುಲ್ಲು, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ನೀರು ಅಲ್ಲಿಯವರೆಗೆ ಏರಿದೆ ಅಂತ. ಟೆಂಟ್ ಅದಕ್ಕಿಂತ ಮೇಲಿರಲಿ.

ಯಾರಾದರೂ ಮುಳುಗುತ್ತಿದ್ದರೆ ಕೂಗಿ ಕರೆಯುತ್ತಾರೆ ಅಂತ ಕಾಯಬೇಡಿ. ಮುಳುಗುವವರಿಗೆ ಕೂಗಲು ಉಸಿರೇ ಇರಲ್ಲ, ಕೈ ಬೀಸಲೂ ಆಗಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಒಂದು ನಿಮಿಷದೊಳಗೇ ಎಲ್ಲ ಮುಗಿಯಬಹುದು. ಮಗ ನೀರಿನಲ್ಲಿರುವಷ್ಟು ಹೊತ್ತು ಒಬ್ಬರು ಅವನನ್ನೇ ನೋಡುತ್ತಿರಬೇಕು. "ಎಲ್ಲರೂ ಇದ್ದೇವಲ್ಲ" ಅನ್ನುವ ಕಡೆ ಯಾರೂ ನೋಡುತ್ತಿರುವುದಿಲ್ಲ. ಆಪತ್ತಿನಲ್ಲಿ ನೀವು ನೀರಿಗೆ ಹಾರಬೇಡಿ. ಕೋಲು ಚಾಚಿ, ಹಗ್ಗ ಎಸೆಯಿರಿ, ಖಾಲಿ ನೀರಿನ ಕ್ಯಾನಾದರೂ ಎಸೆಯಿರಿ.

ಕೊನೆಗೆ ಮಗನ ವಿಷಯ. ವಯಸ್ಸಿಗಿಂತ ನಾನು ನೋಡುವುದು ಜಾಕೆಟ್ ಅವನಿಗೆ ಕೂರುತ್ತದಾ ಅಂತ. ಮಕ್ಕಳ ಅಳತೆಯದ್ದೇ ಬೇಕು, ಕಾಲುಗಳ ನಡುವೆ ಬರುವ ಪಟ್ಟಿ ಇದ್ದರೆ ಒಳ್ಳೆಯದು. ರಾಫ್ಟ್ ಹತ್ತುವ ಮೊದಲು ನಿಂತ ನೀರಿನಲ್ಲಿ ಗೈಡ್ ಎದುರೇ ಅವನನ್ನು ಅಂಗಾತ ತೇಲಿಸಿ ನೋಡಿ. ತೇಲುತ್ತೇನೆ ಅಂತ ಅವನಿಗೇ ಗೊತ್ತಾದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ನೀವೂ ಹಾಗೇ ಮಾಡಿ. ಅವನನ್ನು ಮಧ್ಯದಲ್ಲಿ, ಗೈಡ್‌ಗೆ ಹತ್ತಿರ ಕೂರಿಸಿ. ಮಳೆ ಬಂದು ನೀರು ಏರಿ "ಇವತ್ತು ಮಕ್ಕಳು ಬೇಡ" ಅಂತ ಗೈಡ್ ಹೇಳಿದರೆ ಚೌಕಾಸಿ ಮಾಡಬೇಡಿ. ಮಾರನೆಯ ದಿನಕ್ಕೆ ಬದಲಿಸಿ ಕೊಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿಕೊಂಡಿರಿ.