‘ಬಿಡ್ತು ಅನ್ನು’ ಎನ್ನುವ ಮೊದಲು

ಶಿವಮೊಗ್ಗದ ಓದುಗರೊಬ್ಬರ ಪತ್ರ: “ತಂದೆಗೆ 79 ವರ್ಷ. ಪಾರ್ಕಿನ್ಸನ್ ಕಾಯಿಲೆ ಬಂದು ಆರು ವರ್ಷವಾಯಿತು. ಮಂಕಾಗಿದ್ದಾರೆಂದು ಈಚೆಗೆ ಆಪ್ತಸಮಾಲೋಚಕಿಯೊಬ್ಬರ ಬಳಿ ಕರೆದೊಯ್ಯುತ್ತಿದ್ದೇನೆ. ಬೌದ್ಧ ಧ್ಯಾನದಲ್ಲಿ ಪಳಗಿದವರು. ಮುಪ್ಪು, ಸಾವುಗಳ ಬಗ್ಗೆ ತಂದೆಯೊಂದಿಗೆ ಮುಚ್ಚುಮರೆಯಿಲ್ಲದೆ ಮಾತನಾಡುತ್ತಾರೆ. ಅಮ್ಮ ಹೊರಗೆ ಬೆಂಚಿನ ಮೇಲೆ ಕುಳಿತು ಸಂಕಟಪಡುತ್ತಾರೆ. ನಮ್ಮ ಮನೆಯಲ್ಲಿ ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎನ್ನುತ್ತಾರೆ. ಕುಗ್ಗಿದವರ ಮುಂದೆ ಎಲ್ಲವೂ ಅನಿತ್ಯ ಎನ್ನುವುದು ಚಿಕಿತ್ಸೆಯೇ? ನಿಲ್ಲಿಸಿಬಿಡಲೇ?”

ಸೋದರಿ,

ಈಗಲೇ ನಿಲ್ಲಿಸಬೇಡಿ. ಆದರೆ ನಿಮ್ಮ ಅಳುಕು ಸುಳ್ಳಲ್ಲ. ಹಾಸಿಗೆ ಹಿಡಿದವರ ತಲೆದೆಸೆಯಲ್ಲಿ ನಿಂತು ಅನಿತ್ಯದ ಉಪನ್ಯಾಸ ಕೊಡುವುದು ಕ್ರೌರ್ಯ. ಬುದ್ಧ ಹಾಗೆ ಮಾಡಿದವನಲ್ಲ. ಸಾವಿಲ್ಲದ ಮನೆಯ ಸಾಸಿವೆಯ ಕಥೆ ನಮಗೆಲ್ಲ ಗೊತ್ತು. ಮಗುವಿನ ಶವ ಹೊತ್ತು ಬಂದ ಕಿಸಾಗೋತಮಿಗೆ ಅವನು ಉಪದೇಶ ಮಾಡಲಿಲ್ಲ, ಮನೆಮನೆಗೆ ಕಳಿಸಿದ. ಪ್ರತಿ ಹೊಸ್ತಿಲಲ್ಲೂ ಆ ಮನೆಯವರ ಸಾವಿನ ಸುದ್ದಿ ಕೇಳುತ್ತ ಕೇಳುತ್ತ ಅವಳೇ ತಿಳಿದುಕೊಂಡಳು.

ನಿಮಗೆ ಹೇಳಬೇಕೆಂದಿರುವ ಕಥೆ ಮಾತ್ರ ಬೇರೆ. ಅದು ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯದಲ್ಲಿದೆ. ಭಗ್ಗರ ನಾಡಿನಲ್ಲಿ, ಸುಂಸುಮಾರಗಿರಿಯ ಬಳಿ, ನಕುಲಪಿತ ಎಂಬ ಗೃಹಸ್ಥ ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದ. ಪಕ್ಕದಲ್ಲಿ ಕುಳಿತ ಹೆಂಡತಿ ನಕುಲಮಾತೆ ‘ನಿಮಗೇನೂ ಆಗುವುದಿಲ್ಲ’ ಎನ್ನಲಿಲ್ಲ. ಮನಸ್ಸಿನಲ್ಲಿ ತೊಡಕು ಇಟ್ಟುಕೊಂಡು ಸಾಯಬೇಡಿ, ಅಂಥ ಸಾವು ದುಃಖದ್ದು ಎಂದಳು. ಅವನ ಎದೆಯಲ್ಲಿ ಇರಬಹುದಾದ ಭಯಗಳನ್ನು ಒಂದೊಂದಾಗಿ ತಾನೇ ಎತ್ತಿ ಉತ್ತರ ಕೊಟ್ಟಳು. ನಾನು ಹೋದ ಮೇಲೆ ಮಕ್ಕಳನ್ನು ಸಾಕುವುದು, ಮನೆ ನಡೆಸುವುದು ಇವಳಿಂದ ಆದೀತೇ ಎಂಬ ಚಿಂತೆಯೇ? ನನಗೆ ಹತ್ತಿ ನೂಲುವುದು ಗೊತ್ತು, ಉಣ್ಣೆ ಹಿಕ್ಕುವುದು ಗೊತ್ತು. ಬೇರೆ ಮದುವೆಯಾದಾಳೆಂಬ ಚಿಂತೆಯೇ? ನಾವು ಬಾಳಿದ ಬಗೆ ನಿಮಗೇ ಗೊತ್ತು. ಹೀಗೆ ಆರು ಮಾತು. ನಕುಲಪಿತ ಚೇತರಿಸಿಕೊಂಡ, ಕೋಲೂರಿಕೊಂಡು ಬುದ್ಧನ ಬಳಿಗೆ ಹೋದ. ಇಂಥ ಅನುಕಂಪದ ಹಿತೈಷಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದ ಬುದ್ಧ.

ಮೊದಲ ಸಲ ಓದಿದಾಗ ನನಗೆ ಆ ನೂಲಿನ ಮಾತೇ ಕಣ್ಣಲ್ಲಿ ನೀರು ತರಿಸಿತು. ಗಂಡನ ಭಯಕ್ಕೆ ಅವಳು ಕೊಟ್ಟ ಮೊದಲ ಮದ್ದು ತತ್ವವಲ್ಲ, ತನ್ನ ಕೈಕೆಲಸ.

ನನ್ನ ತಾಯಿಯ ಕೊನೆಯ ದಿನಗಳಲ್ಲಿ ನಾವು ಇದಕ್ಕೆ ವಿರುದ್ಧವಾಗಿ ನಡೆದುಕೊಂಡೆವು. ಆಸ್ಪತ್ರೆಯ ಮಂಚದ ಮೇಲೂ ಅವರು ಬೀರುವಿನ ಬೀಗದಕೈಯನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡಿದ್ದರು. ಗಂಟು ಬಿಚ್ಚುವರು, ಮತ್ತೆ ಕಟ್ಟುವರು. ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನಾವು ‘ಎಲ್ಲ ಸರಿಹೋಗುತ್ತದೆ ಅಮ್ಮ’ ಎನ್ನುತ್ತಿದ್ದೆವು. ಅವರು ಗೋಡೆಯ ಕಡೆ ಹೊರಳುತ್ತಿದ್ದರು. ಕೊನೆಗೆ ಚಿಕ್ಕಮ್ಮ ಬಂದು ಕೈ ಹಿಡಿದು, “ಅಕ್ಕಾ, ಯಾವುದರ ಯೋಚನೆ?” ಎಂದು ಕೇಳಿದರು. ಮದುವೆಯಾಗದೆ ಉಳಿದ ನನ್ನ ತಂಗಿಗೆಂದು ತೆಗೆದಿರಿಸಿದ್ದ ಎರಡು ಬಳೆಗಳ ವಿಷಯ ಆಗ ಹೊರಬಂತು. ಅಂದು ರಾತ್ರಿ ಬೀಗದಕೈ ತಂಗಿಯ ಕೈಗೆ ಬಂತು, ಅಮ್ಮ ನಿದ್ದೆ ಮಾಡಿದರು.

ಮನೋಚಿಕಿತ್ಸೆಯವರು ಬೌದ್ಧ ಪರಂಪರೆಯಿಂದ ಪಡೆದಿರುವುದರಲ್ಲಿ ಇನ್ನೊಂದು ಎಳೆಯೂ ಇದೆ. 1979ರಲ್ಲಿ ಜಾನ್ ಕಬಟ್-ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗೂ ಸೇರಿದಂತೆ, ಧ್ಯಾನದ ತರಬೇತಿ ಆರಂಭಿಸಿದರು. ಅದರ ತಿರುಳನ್ನು ಹಿಡಿಯಲು ಬುದ್ಧನ ಎರಡು ಬಾಣಗಳ ಹಳೆಯ ಉಪದೇಶ ಸಾಕು: ದೇಹದ ನೋವು ಮೊದಲನೆಯ ಬಾಣ, ಅದಕ್ಕೆ ಮನಸ್ಸು ಪಡುವ ಪಾಡು ಎರಡನೆಯದು. ತಂದೆಯವರ ಕೈ ನಡುಗಿ ಕಾಫಿ ಚೆಲ್ಲುವುದು ಒಂದು; ‘ನಾನು ಎಲ್ಲರಿಗೂ ಭಾರವಾದೆ’ ಎಂದು ಅವರು ಲೋಟ ಕೆಳಗಿಡುವುದು ಇನ್ನೊಂದು. ಸಮಾಲೋಚಕಿಯ ಕೆಲಸ ಇರುವುದು ಈ ಎರಡನೆಯದರ ಮೇಲೆ.

ಒಂದು ಎಚ್ಚರಿಕೆ ಹೇಳದೆ ಇರಲಾರೆ. ಸಾವನ್ನು ಒಪ್ಪಿಕೊಳ್ಳುವುದು ಬೇರೆ, ಸಾವನ್ನು ಬಯಸುವುದು ಬೇರೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಬದಲಾವಣೆಗಳಿಂದಲೇ ಖಿನ್ನತೆ ಬರಬಹುದು, ಅದಕ್ಕೆ ಔಷಧವಿದೆ. ಊಟ, ನಿದ್ದೆ ಬಿಟ್ಟು ‘ಸಾಕು, ಹೋಗಿಬಿಡಬೇಕು’ ಎನ್ನತೊಡಗಿದರೆ ಅದನ್ನು ವೈರಾಗ್ಯವೆಂದು ಯಾರೂ ಹೊಗಳುವುದು ಬೇಡ. ಕೂಡಲೇ ನರರೋಗ ವೈದ್ಯರಿಗೆ ತಿಳಿಸಿ, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಸಮಾಲೋಚಕಿಯು ತಂದೆಯವರಿಗಿಂತ ಹೆಚ್ಚು ತಾವೇ ಮಾತನಾಡುತ್ತಿದ್ದಾರೆ ಎಂದು ನಿಮಗೆ ಕಂಡರೆ ಅವರನ್ನು ಬದಲಿಸಲು ಹಿಂಜರಿಯಬೇಡಿ.

‘ಬಿಡ್ತು ಅನ್ನು’ ಎನ್ನುವವರನ್ನು ನಾನು ಹಳಿಯುವುದಿಲ್ಲ. ಅದು ಪ್ರೀತಿಯ ಮಾತು. ಆದರೆ ಅದನ್ನು ಕೇಳಿಸಿಕೊಂಡವರು ತಮ್ಮ ಪ್ರಶ್ನೆಯನ್ನು ನುಂಗಿಕೊಳ್ಳಬೇಕಾಗುತ್ತದೆ.

ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ತಾಯಿ. ಐವತ್ತು ವರ್ಷವೋ ಏನೋ ಜೊತೆಗೆ ಬಾಳಿದವರು ಹೊರಗೆ ಬೆಂಚಿನ ಮೇಲಿದ್ದಾರೆ. ತಂದೆಯವರ ಭಯಗಳು ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ತಂದೆಯವರು ಒಪ್ಪಿದರೆ, ಮುಂದಿನ ಸಲ ಅಮ್ಮನನ್ನೂ ಒಳಗೆ ಕರೆದುಕೊಂಡು ಹೋಗಿ. ಏನಾಯಿತೆಂದು ನನಗೆ ಬರೆಯಿರಿ.

— ಸಂಪಾದಕ